ತಮ್ಮನ ಹಿತ್ತಲಿನ ಕೆಂಡದ ಅಡುಗೆ

ಅಮೆರಿಕದ ಬೇಸಿಗೆಯನ್ನು ಅಲ್ಲಿನವರು ಋತುಮಾನದಿಂದಲ್ಲ, ರಜೆಗಳಿಂದ ಅಳೆಯುತ್ತಾರೆ. ಮೇ ತಿಂಗಳ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇಗೆ ಅದು ಆರಂಭ. ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇಗೆ ಮುಕ್ತಾಯ. ನಡುವೆ ಜುಲೈ 4, ಅಂದರೆ 1776ರ ಸ್ವಾತಂತ್ರ್ಯ ಘೋಷಣೆಯ ದಿನ. ಈ ಮೂರು ಹಬ್ಬಗಳಿಗೂ ಸಾಮಾನ್ಯವಾದ ವಿಧಿಯೊಂದಿದೆ: ಮನೆಯ ಹಿತ್ತಲಿನಲ್ಲಿ ಬೆಂಕಿ ಹೊತ್ತಿಸಿ, ಕಬ್ಬಿಣದ ಜಾಲರಿಯ ಮೇಲೆ ಆಹಾರವನ್ನು ಸುಟ್ಟು, ಬಂಧುಮಿತ್ರರೊಡನೆ ನಿಂತುಕೊಂಡೇ ತಿನ್ನುವುದು. ಅದಕ್ಕೆ ಬಾರ್ಬೆಕ್ಯೂ ಎಂದು ಹೆಸರು. ಶುದ್ಧಾಂಗವಾಗಿ ಹೇಳುವವರು ಇದನ್ನು ಒಪ್ಪುವುದಿಲ್ಲ. ಮಂದ ಉರಿಯಲ್ಲಿ, ಹೊಗೆಯಲ್ಲಿ, ತಾಸುಗಟ್ಟಲೆ ಬೇಯಿಸುವುದು ಮಾತ್ರ ಬಾರ್ಬೆಕ್ಯೂ. ತೀಕ್ಷ್ಣವಾದ ಶಾಖದಲ್ಲಿ ಬೇಗ ಸುಡುವುದು ಗ್ರಿಲ್ಲಿಂಗ್ ಎಂದು ಅವರು ತಿದ್ದುತ್ತಾರೆ. ಆದರೆ ಊರೆಲ್ಲ ಒಂದೇ ಹೆಸರಿನಿಂದ ಕರೆಯುವಾಗ ವ್ಯಾಕರಣಕಾರನ ಮಾತನ್ನು ಕೇಳುವವರು ಯಾರು?

2025ರ ಮೇ ತಿಂಗಳ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಾನು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ತಮ್ಮನ ಮನೆಯಲ್ಲಿದ್ದೆ. ಅಲ್ಲಿ ಏನೇನು ನೋಡಿದಿರಿ, ನಯಾಗರಾಕ್ಕೆ ಹೋಗಿದ್ದಿರಾ ಎಂದು ಹಳೆಯ ವಿದ್ಯಾರ್ಥಿಗಳು ಅನೇಕರು ವಿಚಾರಿಸಿದ್ದೀರಿ. ನಯಾಗರಾ ನೋಡಲಿಲ್ಲ. ನಾನು ಹೋದದ್ದು ಪ್ರವಾಸಕ್ಕಲ್ಲ. ಆ ವರ್ಷದ ಜನವರಿಯಲ್ಲಿ, ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ತಳ್ಳುತ್ತಿರುವಾಗ, ತಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಅವನಿಗೆ ಆಗ ಐವತ್ತೈದು ವರ್ಷ. ನಮ್ಮ ಅಪ್ಪ 1978ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಐವತ್ತೊಂದು. ನನಗೆ ಹತ್ತೊಂಬತ್ತು, ತಮ್ಮನಿಗೆ ಎಂಟು. ಆ ಬೆಳಿಗ್ಗೆ ಅವನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದವಳು ನಾನೇ. ಇದಕ್ಕಿಂತ ಹೆಚ್ಚಾಗಿ ಈ ವಿಷಯವನ್ನು ಇಲ್ಲಿ ಬರೆಯಲಾರೆ, ಬಂಧುಗಳಿಗೆಲ್ಲ ಗೊತ್ತಿದೆ.

ಜೂನ್ ಎರಡನೆಯ ವಾರದಲ್ಲಿ ಒಂದು ಸಂಜೆ ತಮ್ಮನ ಹೆಂಡತಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. "ಅಕ್ಕಾ, ಈ ಸಲಾನೂ ಫೋರ್ತ್ ಆಫ್ ಜುಲೈಗೆ ಮೂವತ್ತು ಮಂದಿನ್ನ ಕರದಾರ. ರಿಬ್ಸ್, ಬರ್ಗರ್, ಹಾಟ್‌ಡಾಗ್, ಎಲ್ಲಾ ಮದಲಿನಂಗನ ಅಂತ. ನಾ ಹೇಳಿದ್ರ ಜಗಳ ಆಕೈತಿ. ನೀವ ಹೇಳ್ರಿ" ಎಂದಳು.

ತಮ್ಮ ಮಾಂಸ ತಿನ್ನುವ ಸಂಗತಿ ಅವ್ವನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. 1998ರಲ್ಲಿ ಆ ದೇಶಕ್ಕೆ ಹೋದ ಹುಡುಗ ಅಲ್ಲಿನ ಊಟವನ್ನು ರೂಢಿಸಿಕೊಂಡ. ನಾನು ಸಸ್ಯಾಹಾರಿ, ಆದರೆ ಅವನ ತಟ್ಟೆಯಲ್ಲಿ ಧರ್ಮವನ್ನು ಹುಡುಕುವ ಇಚ್ಛೆ ನನಗೆ ಎಂದೂ ಇರಲಿಲ್ಲ. ನಾನು ಕೇಳಬೇಕಾಗಿದ್ದುದು ರಸಾಯನಶಾಸ್ತ್ರದ ಪ್ರಶ್ನೆ, ಅಂಕಗಣಿತದ ಪ್ರಶ್ನೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಮಾತೆತ್ತಿದೆ. ಅವನು ನಕ್ಕು, "ಅಕ್ಕಾ, ಒಂದ ದಿನದ ಮಾತು. ಒಂದ ದಿನಕ್ಕ ಏನ ಆಗತೈತಿ?" ಎಂದ.

ಅವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದ್ದಾರೆ. ಅದನ್ನು ತೆಗೆದು ಅವನ ಮುಂದಿಟ್ಟೆ. ಮೆಮೋರಿಯಲ್ ಡೇಯಿಂದ ಲೇಬರ್ ಡೇವರೆಗೆ ಹದಿನಾಲ್ಕು ವಾರ. ಗೆಳೆಯರ ಮಕ್ಕಳ ಗ್ರಾಜುಯೇಷನ್, ಒಬ್ಬರ ಗೃಹಪ್ರವೇಶ, ಆಫೀಸಿನ ಪಿಕ್‌ನಿಕ್, ಕನ್ನಡ ಗೆಳೆಯರ ಬಳಗದ ವನಭೋಜನ ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದವನ್ನೆಲ್ಲ ಎಣಿಸಿದೆವು. ಹನ್ನೊಂದು. ಎಲ್ಲವೂ ಬೆಂಕಿಯ ಮುಂದಿನ ಊಟಗಳೇ. ತಮ್ಮ ಲೆಕ್ಕದಲ್ಲಿ ಚುರುಕು, ಎಂಜಿನಿಯರ್. ಹನ್ನೊಂದು ಎಂದ ಮೇಲೆ ನಗುವುದನ್ನು ನಿಲ್ಲಿಸಿದ.

ಅನಂತರ ಕಾಗದ ತೆಗೆದುಕೊಂಡು ಇನ್ನೊಂದು ಲೆಕ್ಕ ಮಾಡಿದೆವು. ಕೆಟ್ಟ ಕೊಲೆಸ್ಟರಾಲನ್ನು ಇಳಿಸಿಕೊಳ್ಳಬೇಕಾದವರು ಸ್ಯಾಚುರೇಟೆಡ್ ಕೊಬ್ಬನ್ನು ದಿನದ ಒಟ್ಟು ಕ್ಯಾಲೊರಿಯ ಶೇಕಡಾ 6ಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. 2,000 ಕ್ಯಾಲೊರಿ ತಿನ್ನುವವನಿಗೆ ಇದು ಸುಮಾರು 13 ಗ್ರಾಂ. ಐದರಲ್ಲಿ ಒಂದು ಪಾಲು ಕೊಬ್ಬಿರುವ ಕಾಲು ಪೌಂಡಿನ ಗೋಮಾಂಸದ ಬಿಲ್ಲೆಯೊಂದರಲ್ಲಿ 8ರಿಂದ 9 ಗ್ರಾಂ. ಅದರ ಮೇಲಿನ ಒಂದು ಹಾಳೆ ಚೆಡ್ಡರ್ ಚೀಸ್‌ನಲ್ಲಿ 5 ಗ್ರಾಂ. ಒಂದೇ ಬರ್ಗರಿಗೆ ದಿನದ ಪಾಲು ಮುಗಿಯಿತು. ರಿಬ್ಸ್‌ಗೆ ಇನ್ನೂ ಕೈ ಹಾಕಿಯೇ ಇಲ್ಲ. ಕೋಲಾದ 355 ಮಿಲಿಲೀಟರ್ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ, ಎಂದರೆ ಒಂಬತ್ತು ಚಹಾ ಚಮಚಕ್ಕೂ ಮಿಕ್ಕಿ. ಅವರ ಮನೆಯಲ್ಲಿದ್ದ ಬಾರ್ಬೆಕ್ಯೂ ಸಾಸಿನ ಸೀಸೆಯ ಲೇಬಲ್ಲನ್ನು ಕನ್ನಡಕ ಹಾಕಿಕೊಂಡು ಓದಿದೆ: ಎರಡು ದೊಡ್ಡ ಚಮಚಕ್ಕೆ 16 ಗ್ರಾಂ ಸಕ್ಕರೆ. ನಮ್ಮಲ್ಲಿ ಇದಕ್ಕೆ ಪಾಕ ಎನ್ನುತ್ತಾರೆ.

ಸಾಸೇಜ್, ಹಾಟ್‌ಡಾಗ್, ಬೇಕನ್ ಮೊದಲಾದ ಸಂಸ್ಕರಿಸಿದ ಮಾಂಸಗಳ ವಿಷಯ ಇನ್ನಷ್ಟು ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಅವುಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ಪತ್ರಿಕೆಗಳು ಆಗ 'ಹಾಟ್‌ಡಾಗ್ ಎಂದರೆ ಸಿಗರೇಟು' ಎಂಬಂತೆ ಬರೆದವು. ಅದು ಸರಿಯಲ್ಲ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಖಚಿತವೆಂಬುದನ್ನು. ಅಪಾಯ ಎಷ್ಟು ದೊಡ್ಡದೆಂಬುದನ್ನಲ್ಲ. ದಿನವೂ 50 ಗ್ರಾಂ, ಎಂದರೆ ಹೆಚ್ಚು ಕಡಿಮೆ ಒಂದು ಹಾಟ್‌ಡಾಗ್, ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇಕಡಾ 18ರಷ್ಟು ಏರುತ್ತದೆ ಎಂದು ಅವರ ಅಂದಾಜು. ನೂರು ಜನರಲ್ಲಿ ಹದಿನೆಂಟು ಮಂದಿಗೆ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ; ಮೊದಲೇ ಇದ್ದ ಸಾಧ್ಯತೆಯ ಮೇಲೆ ಅದರದೇ ಶೇಕಡಾ 18 ಸೇರುತ್ತದೆ. (ಶೇಕಡಾವಾರು ಅಧ್ಯಾಯದಲ್ಲಿ ಇದನ್ನೇ ಎಷ್ಟು ಸಲ ಹೇಳಿದ್ದೇನೆಂದು ನಿಮಗೆ ನೆನಪಿರಬಹುದು.)

ಇಷ್ಟಾದರೂ ಒಂದು ಮಾತು ನನ್ನನ್ನು ತಡೆಯಿತು. ಮೂವತ್ತು ಮಂದಿಯ ನಡುವೆ ಕೆಂಡದ ಮುಂದೆ ನಿಲ್ಲುವ ಸಂತೋಷವನ್ನು ಆ ಹುಡುಗನಿಂದ ಕಸಿದುಕೊಳ್ಳುವ ಹಕ್ಕು ನನಗಿದೆಯೇ? ಅದು ಎಲ್ಲಿಂದ ಬಂದ ಸಂತೋಷ ಎಂಬುದು ನನಗೆ ಚೆನ್ನಾಗಿ ಗೊತ್ತು. ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಾಗ ಸೀತನಿ ತಿನ್ನಲು ಹೊಲಕ್ಕೆ ಹೋಗುತ್ತಿದ್ದೆವು. ಎರೆಮಣ್ಣಿನಲ್ಲಿ ಸಣ್ಣ ಕುಣಿ ತೋಡಿ, ಕುಳ್ಳು ಒಟ್ಟಿ, ಕೆಂಡವಾದ ಮೇಲೆ ಎಳೆಯ ತೆನೆಗಳನ್ನು ಅದರಲ್ಲಿ ಹುದುಗಿಸುತ್ತಿದ್ದರು. ಸುಟ್ಟ ತೆನೆಯನ್ನು ಬಿಸಿ ಇರುವಾಗಲೇ ಗೋಣಿಚೀಲದ ಮೇಲೆ ತಿಕ್ಕಿ, ತೂರಿ, ಹಸಿರು ಕಾಳನ್ನು ಬೊಗಸೆಗೆ ಸುರಿಯುತ್ತಿದ್ದವರು ಅಪ್ಪ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಬೆಲ್ಲ, ಗಡಿಗೆಯ ಮಜ್ಜಿಗೆ. ಬಂದವರಿಗೆಲ್ಲ ತಿನ್ನಿಸಿ ಕಡೆಗೆ ತಾವು ತಿನ್ನುತ್ತಿದ್ದರು. ತಮ್ಮನಿಗೆ ಅಪ್ಪನ ಮುಖ ಅಷ್ಟಾಗಿ ನೆನಪಿಲ್ಲವೆಂದು ಅವನೇ ಹೇಳುತ್ತಾನೆ. ಆದರೆ ಆ ಕುಣಿಯ ಹೊಗೆಯ ವಾಸನೆ ನೆನಪಿದೆಯಂತೆ. ಹಿತ್ತಲಿನಲ್ಲಿ ಇಕ್ಕಳ ಹಿಡಿದು ನಿಂತ ಅವನನ್ನು ನೋಡಿದರೆ ಆತಿಥ್ಯದ ಆ ಭಂಗಿ ಅಪ್ಪನದೇ.

ಆದ್ದರಿಂದ ಬೆಂಕಿ ಇರಲಿ, ಜನರೂ ಇರಲಿ, ಜಾಲರಿಯ ಮೇಲೆ ಏನು, ಹೇಗೆ ಎಂಬುದನ್ನು ಮಾತ್ರ ಬದಲಿಸೋಣ ಎಂದು ಒಪ್ಪಂದವಾಯಿತು. ಅವನು ಸುಲಭವಾಗಿ ಒಪ್ಪಲಿಲ್ಲ. "ಮಂದಿ ಬರೂದ ರಿಬ್ಸ್ ಸಲುವಾಗಿ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ತೀರ್ಮಾನವಾದದ್ದು: ರಿಬ್ಸ್ ಇಲ್ಲ, ಹಾಟ್‌ಡಾಗ್ ಮಕ್ಕಳಿಗೆ ಕೆಲವು ಮಾತ್ರ, ಕೋಳಿ, ಸಾಲ್ಮನ್ ಮೀನು, ಟರ್ಕಿಯ ಬರ್ಗರ್, ತರಕಾರಿಗಳು. ಮೂವತ್ತರಲ್ಲಿ ಹನ್ನೆರಡು ಮಂದಿ ಸಸ್ಯಾಹಾರಿಗಳು ಎಂಬುದೂ ಆಗಲೇ ಎಣಿಕೆಗೆ ಸಿಕ್ಕಿತು. ಅಷ್ಟು ವರ್ಷ ಅವರು ಚಿಪ್ಸ್, ಬನ್ನು, ಆಲೂಗಡ್ಡೆಯ ಸಲಾಡ್ ತಿಂದು ಮನೆಗೆ ಹೋಗುತ್ತಿದ್ದರು. ನಮ್ಮವರು ಇದನ್ನು ಗಮನಿಸಬೇಕು. ಮಾಂಸ ಮುಟ್ಟದವನ ತಟ್ಟೆ ತಾನಾಗಿಯೇ ಆರೋಗ್ಯಕರವಾಗುವುದಿಲ್ಲ. ಮೈದಾದ ಬನ್ನು, ಉಪ್ಪು ತುಂಬಿದ ಸಿದ್ಧ 'ವೆಜ್ಜಿ' ಬಿಲ್ಲೆ, ಎಣ್ಣೆಯಲ್ಲಿ ಮುಳುಗಿಸಿದ ಪನೀರ್, ಎರಡು ಡಬ್ಬಿ ಕೋಲಾ ಸೇರಿದರೆ ಅವನೂ ಅದೇ ದಾರಿಯಲ್ಲಿಯೇ ಇದ್ದಾನೆ.

ನಮ್ಮ ಜನರ ಹೃದಯದ ಪ್ರಶ್ನೆ ಅಲ್ಲಿನ ವೈದ್ಯರಿಗೂ ಯೋಚನೆ ತಂದಿದೆ. ಭಾರತ ಉಪಖಂಡದ ಮೂಲದವರಿಗೆ ಹೃದ್ರೋಗ, ಮಧುಮೇಹಗಳು ಇತರರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿಯೇ ಬರುತ್ತವೆ. ಅದಕ್ಕೆಂದೇ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಪ್ರದೇಶಗಳಲ್ಲಿ 2010ರಿಂದ ಒಂದು ದೀರ್ಘಾವಧಿಯ ಅಧ್ಯಯನ ನಡೆದಿದೆ; ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಮಸಾಲಾ' ಎಂದಾಗುತ್ತದೆ. ಅಲ್ಲಿನ ಮಧುಮೇಹ ಸಂಘವು 2015ರಿಂದ ಏಷ್ಯಾ ಮೂಲದ ವಯಸ್ಕರನ್ನು ದೇಹತೂಕ ಸೂಚ್ಯಂಕ 23 ಆದಾಗಲೇ ತಪಾಸಣೆಗೆ ಪರಿಗಣಿಸಬೇಕೆನ್ನುತ್ತದೆ. ಇತರರಿಗೆ ಈ ಗಡಿ 25. ವಿದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಈಗ ನಲವತ್ತು ದಾಟಿದ್ದೀರಿ. ಈ ಒಂದು ಪ್ಯಾರಾವನ್ನು ದಯವಿಟ್ಟು ಎರಡು ಸಲ ಓದಿ.

ಇನ್ನು ಬೆಂಕಿಯ ವಿಷಯ. ಮಾಂಸದ ಅಮೈನೋ ಆಮ್ಲ, ಸಕ್ಕರೆ ಮತ್ತು ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಎಂಬ ವಸ್ತು ಹೆಚ್ಚಿನ ಶಾಖದಲ್ಲಿ, ವಿಶೇಷವಾಗಿ 150 ಡಿಗ್ರಿ ಸೆಲ್ಸಿಯಸ್ ಮೀರಿದಾಗ, ಸೇರಿಕೊಂಡು ಹೆಟೆರೋಸೈಕ್ಲಿಕ್ ಅಮೈನ್‌ಗಳೆಂಬ ಸಂಯುಕ್ತಗಳಾಗುತ್ತವೆ. ಕೊಬ್ಬು ತೊಟ್ಟಿಕ್ಕಿ ಕೆಂಡದ ಮೇಲೆ ಬಿದ್ದಾಗ ಏಳುವ ಹೊಗೆಯಲ್ಲಿ ಇನ್ನೊಂದು ಬಗೆಯ ವಸ್ತುಗಳಿರುತ್ತವೆ, ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು. ಆ ಹೊಗೆ ಆಹಾರಕ್ಕೆ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಇವು ಕ್ಯಾನ್ಸರ್ ಉಂಟುಮಾಡಿವೆ. ಮನುಷ್ಯರಲ್ಲಿ ಎಷ್ಟು ಎಂಬುದು ಇನ್ನೂ ನಿರ್ಣಯವಾಗಿಲ್ಲ. ನಿರ್ಣಯವಾಗುವವರೆಗೆ ಕರಿಕಾದ ತುದಿಗಳನ್ನು ಕತ್ತರಿಸಿ ಎಸೆದರೆ ನಷ್ಟವೇನು? ತರಕಾರಿಗಳಲ್ಲಿ ಕ್ರಿಯಾಟಿನ್ ಇಲ್ಲದ್ದರಿಂದ ಮೊದಲ ಬಗೆಯ ವಸ್ತುಗಳು ಅವುಗಳಲ್ಲಿ ಹುಟ್ಟುವುದಿಲ್ಲ. ಬದನೆಕಾಯಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸು.

ತಮ್ಮನ ಮಗನಿಗೆ ಹತ್ತೊಂಬತ್ತು. ಅಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಮಾತು ಸ್ವಲ್ಪ ತೊದಲು. ನನ್ನ ಈ ವಿಷಯಕ್ಕೆ ಆ ಮನೆಯಲ್ಲಿ ಸಿಕ್ಕ ಏಕೈಕ ವಿದ್ಯಾರ್ಥಿ ಅವನು. ಅವರ ಹಿತ್ತಲಿನಲ್ಲಿರುವುದು ಗೋಲಾಕಾರದ ಇದ್ದಿಲಿನ ಗ್ರಿಲ್. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ, ತಾನು ಕೆಲಸ ಮಾಡುತ್ತಿದ್ದ ವೆಬರ್ ಬ್ರದರ್ಸ್ ಕಾರ್ಖಾನೆಯಲ್ಲಿ ಲೋಹದ ತೇಲುಗುಂಡಿನಿಂದ ಇಂಥ ಮೊದಲ ಗ್ರಿಲ್ಲನ್ನು ಮಾಡಿದ. ಕೆಳಗಿನ ಅರ್ಧ ಒಲೆ, ಮೇಲಿನ ಅರ್ಧ ಮುಚ್ಚಳ. ಶಾಖ ಪ್ರಸರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ನನ್ನ ಪ್ರಯೋಗಾಲಯದಲ್ಲಿ ಎಂದೂ ಇರಲಿಲ್ಲ. ಕಾದ ಜಾಲರಿಯಿಂದ ವಹನ, ಮುಚ್ಚಳದೊಳಗೆ ಸುತ್ತುವ ಬಿಸಿಗಾಳಿಯಿಂದ ಸಂವಹನ, ಕೆಂಡದಿಂದ ವಿಕಿರಣ. ಕೆಂಡವನ್ನೆಲ್ಲ ಒಂದೇ ಬದಿಗೆ ಸರಿಸಿದರೆ ಇನ್ನೊಂದು ಬದಿಯಲ್ಲಿ ಸಂವಹನವೇ ಪ್ರಧಾನ. ಕೋಳಿಯನ್ನು ಆ ಬದಿಯಲ್ಲಿಟ್ಟು ಮುಚ್ಚಳ ಹಾಕಿದರೆ ಒಳಗೆ ಬೇಯುತ್ತದೆ, ಕೊಬ್ಬು ಕೆಂಡದ ಮೇಲೆ ಬೀಳುವುದಿಲ್ಲ, ಹೊಗೆ ಕಡಿಮೆ. ಕಡೆಯಲ್ಲಿ ಒಂದೆರಡು ನಿಮಿಷ ಕೆಂಡದ ಮೇಲಿಟ್ಟು ಬಣ್ಣ ತರಿಸಿದರೆ ಸಾಕು. ಆಗಾಗ ತಿರುವಿ ಹಾಕುತ್ತಿದ್ದರೂ ಆ ಕೆಟ್ಟ ಸಂಯುಕ್ತಗಳು ಕಡಿಮೆಯಾಗುತ್ತವೆ. ನಿಂಬೆರಸ, ಬೆಳ್ಳುಳ್ಳಿ, ಸೊಪ್ಪುಗಳಲ್ಲಿ ಮೊದಲೇ ನೆನೆಸಿಡುವುದೂ ಅಂತೆಯೇ ಸಹಾಯಕ. ನಾವು ಮೊಸರು, ನಿಂಬೆ, ಶುಂಠಿ, ಬೆಳ್ಳುಳ್ಳಿ, ಅರಿಸಿನ ಹಾಕಿ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟೆವು. (ನೆನೆಸಿದೆವು ಎಂದರೆ ತಮ್ಮನ ಹೆಂಡತಿ ನೆನೆಸಿದಳು, ನಾನು ದೂರದಿಂದ ಸೂಚನೆ ಕೊಟ್ಟೆ.)

ಬೆಂದಿದೆಯೇ ಎಂಬುದನ್ನು ಬಣ್ಣದಿಂದ ತಿಳಿಯುವಂತಿಲ್ಲ. ಹುಡುಗ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದ: ಕೋಳಿಗೂ ಟರ್ಕಿಗೂ 74 ಡಿಗ್ರಿ ಸೆಲ್ಸಿಯಸ್, ಮೀನಿಗೆ 63. ಅವನ ಥರ್ಮಾಮೀಟರ್ ಫ್ಯಾರನ್‌ಹೀಟಿನದು. 165 ಎಂದು ಅವನು ಕೂಗುವುದು, ನಾನು ಮನಸ್ಸಿನಲ್ಲಿಯೇ 32 ಕಳೆದು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸುವುದು. "ಅತ್ತಿ, ನೀವ್ ಫಾಸ್ಟ್ ಅದೀರಿ" ಎಂದ. ನಲವತ್ತು ವರ್ಷದ ಅಭ್ಯಾಸ, ಮಗು. ಹಸಿ ಮಾಂಸವಿಟ್ಟ ತಟ್ಟೆಗೆ ಬೆಂದದ್ದನ್ನು ಹಾಕದಿರುವುದು, ಉಳಿದದ್ದನ್ನು ಎರಡು ತಾಸಿನೊಳಗೆ, ಹವೆ 32 ಡಿಗ್ರಿ ಮೀರಿದ್ದರೆ ಒಂದೇ ತಾಸಿನೊಳಗೆ, ಫ್ರಿಜ್ಜಿಗೆ ಸೇರಿಸುವುದು, ಇವನ್ನೆಲ್ಲ ಅವನು ಒಂದು ಹಾಳೆಯಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದ. ಜಾಲರಿ ತಿಕ್ಕುವ ತಂತಿಯ ಬ್ರಷ್ಷನ್ನು ಮಾತ್ರ ನಾನು ಕಸದ ಡಬ್ಬಿಗೆ ಹಾಕಿಸಿದೆ. ಅದರಿಂದ ಕಳಚಿದ ಎಳೆಯೊಂದು ಆಹಾರದ ಜೊತೆ ಗಂಟಲಿಗೆ ಇಳಿದು ಆಸ್ಪತ್ರೆ ಸೇರಿದವರಿದ್ದಾರೆ.

ಜುಲೈ 4 ಆ ವರ್ಷ ಶುಕ್ರವಾರ. ನಾಲ್ಕು ಗಂಟೆಗೆ ಜನ ಬರತೊಡಗಿದರು. ಏಳು ದೊಡ್ಡ ಬದನೆಕಾಯಿಗಳನ್ನು ಇಡಿಯಾಗಿ ಕೆಂಡದ ಮೇಲಿಟ್ಟಿದ್ದೆವು. ಹೋಳು ಮಾಡಿ ಹುರಿದರೆ ಬದನೆ ಎಣ್ಣೆಯನ್ನೆಲ್ಲ ಹೀರುತ್ತದೆ. ಇಡಿಯಾಗಿ ಸುಟ್ಟರೆ ಒಂದು ಹನಿಯೂ ಬೇಡ. ಸಿಪ್ಪೆ ಸುಲಿದು, ಕಿವುಚಿ, ಸುಟ್ಟ ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ, ಹುಣಸೆರಸ, ಚಿಟಿಕೆ ಉಪ್ಪು ಸೇರಿಸಿದರೆ ನಮ್ಮ ಗೊಜ್ಜು. ಮುಸುಕಿನ ಜೋಳವನ್ನು ಸಿಪ್ಪೆಯೊಡನೆ ನೀರಿನಲ್ಲಿ ನೆನೆಸಿ ಸುಟ್ಟು, ಬೆಣ್ಣೆಯ ಬದಲು ನಿಂಬೆಹೋಳಿನಿಂದ ಖಾರದಪುಡಿ ತಿಕ್ಕಿದೆವು. ಗೆಣಸು, ದೊಣ್ಣೆಮೆಣಸಿನಕಾಯಿ, ಹೆಸರುಬೇಳೆಯ ಕೋಸಂಬರಿ, ಕಲ್ಲಂಗಡಿ. ಕೋಲಾದ ಜಾಗದಲ್ಲಿ ಎರಡು ದೊಡ್ಡ ಪಾತ್ರೆ ಮಜ್ಜಿಗೆ; ಉಪ್ಪು ಕಡಿಮೆ, ಜೀರಿಗೆ ಹೆಚ್ಚು.

ಎಲ್ಲವೂ ಗೆಲ್ಲಲಿಲ್ಲ. ಟರ್ಕಿಯ ಬರ್ಗರ್ ಒಣ ಹೊಟ್ಟಿನಂತಿತ್ತೆಂದು ತಿಂದವರೆಲ್ಲ ಒಕ್ಕೊರಲಿನಿಂದ ಹೇಳಿದರು. ಕೊಬ್ಬಿಲ್ಲದ ಮಾಂಸಕ್ಕೆ ರಸವೆಲ್ಲಿಂದ ಬರಬೇಕು! ಒಬ್ಬ ಗೆಳೆಯರು ಕಾರಿನಿಂದ ತಾವೇ ತಂದ ಸೋಡಾದ ಪೆಟ್ಟಿಗೆಯನ್ನು ಇಳಿಸಿದರು. "ರಿಬ್ಸ್ ಎಲ್ಲಿ?" ಎಂದು ಕೇಳಿದವರು ನಾಲ್ವರು. ಅವರಿಗೆ ಏನು ಉತ್ತರ ಕೊಡುತ್ತಾನೋ ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ. ಜನವರಿಯ ಸಂಗತಿಯನ್ನು ತಮ್ಮ ಹೊರಗೆ ಯಾರಿಗೂ ಹೇಳಿರಲಿಲ್ಲ. ಬೆನ್ನುನೋವೆಂದು ಆಫೀಸಿಗೂ ಗೆಳೆಯರಿಗೂ ಹೇಳಿಕೊಂಡಿದ್ದ. ಮೊದಲಿನ ಮೂವರಿಗೆ ಏನೋ ಹಾರಿಕೆಯ ಮಾತು ಹೇಳಿದ. ನಾಲ್ಕನೆಯವರು ಅವನ ಜೊತೆ 1998ರಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವರು ಕೇಳಿದಾಗ ಇಕ್ಕಳವನ್ನು ಮಗನ ಕೈಗೆ ಕೊಟ್ಟು, ಅಂಗಳದ ತುದಿಗೆ ಕರೆದುಕೊಂಡು ಹೋಗಿ, ಬಹಳ ಹೊತ್ತು ಮಾತನಾಡಿದ. ತಿರುಗಿ ಬರುವಾಗ ಆ ಗೆಳೆಯರ ಕೈ ಅವನ ಹೆಗಲ ಮೇಲಿತ್ತು. ಊಟದ ಕಡೆಗೆ ಅವರೇ ಇನ್ನಿಬ್ಬರನ್ನು ಕರೆದು, ತಾವೂ ಮುಂದಿನ ವಾರ ಕೊಲೆಸ್ಟರಾಲ್ ತೋರಿಸಿಕೊಳ್ಳುವುದಾಗಿ ಹೇಳುತ್ತಿದ್ದರು. ಹೋದವರೆಷ್ಟು ಎಂಬುದು ನನಗೆ ತಿಳಿಯದು. ಆ ಹಳೆಯ ಗೆಳೆಯರಂತೂ ಹೋದರು, ಅವರಿಗೂ ಈಗ ಮಾತ್ರೆ ಆರಂಭವಾಗಿದೆ.

ಬದನೆಕಾಯಿ ಗೊಜ್ಜು ಮೊದಲ ಮುಕ್ಕಾಲು ತಾಸಿನಲ್ಲಿಯೇ ಖಾಲಿಯಾಯಿತು. ಪಕ್ಕದ ಮನೆಯ ಅಮೆರಿಕನ್ ದಂಪತಿಗಳು ಪಾತ್ರೆಯ ತಳವನ್ನು ಬನ್ನಿನಿಂದ ಒರೆಸಿ ತಿಂದರು. ಆ ಹೆಂಗಸು ವಿಧಾನ ಬರೆದುಕೊಡಬೇಕೆಂದು ಹಟ ಹಿಡಿದಾಗ ನಾನು ಹೇಳಿದೆ, ಸೋದರಳಿಯ ಇಂಗ್ಲಿಷಿನಲ್ಲಿ ಬರೆದ. 'ಕಿವುಚು' ಎಂಬುದಕ್ಕೆ ಅವನಿಗೆ ಶಬ್ದ ಸಿಗದೆ ಕೈಯಿಂದಲೇ ಮಾಡಿ ತೋರಿಸಿದ.

ಸೆಪ್ಟೆಂಬರ್ 1ರ ಲೇಬರ್ ಡೇ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಆ ರಾತ್ರಿ ವಾಟ್ಸಾಪಿನಲ್ಲಿ ತಮ್ಮನ ಗ್ರಿಲ್ಲಿನ ಚಿತ್ರ ಬಂತು. ಕೆಂಡ ಒಂದು ಬದಿಗೆ ಸರಿದಿದೆ, ಬದನೆಕಾಯಿ ಒಂಬತ್ತು, ಮೂಲೆಯಲ್ಲಿ ಎರಡು ಹಾಟ್‌ಡಾಗ್. ಅವೆರಡು ಯಾರಿಗೆ ಎಂದು ಕೇಳಿದೆ. "ಬಾಜೂ ಮನಿಯವರಿಗೆ" ಎಂದು ಉತ್ತರ ಬಂತು. ಹಿಂದೆಯೇ ಅವನ ಹೆಂಡತಿಯಿಂದ ಇನ್ನೊಂದು ಸಂದೇಶ: "ಒಂದು ಬಾಜೂ ಮನಿಯವರಿಗೆ, ಅಕ್ಕಾ."